ಸಹಾಯ ಬೇಕು: ಟೆಂಟಿನ ನಾತ ಹೋಗವಲ್ದು

ನಮಸ್ಕಾರ್ರೀ. ದಸರಾ ಸೂಟಿಗೆ ವಿಜಯಪುರದಿಂದ ನಾಲ್ಕು ಮಂದಿ ಗೆಳೆಯಾರು ಕಾರ್ ತಗೊಂಡು ಖಾನಾಪುರ ಕಡೆ ಹೋಗಿದ್ವಿ. ಭೀಮಗಡ ಅಭಯಾರಣ್ಯದಾಗ ಹಂಗ ಟೆಂಟ್ ಹಾಕಾಕ ಬರಂಗಿಲ್ಲ, ಅದಕ್ಕ ಹೊರಗ ಪರಿಚಯದವರ ಹೊಲದಾಗ ಹೊಡದ್ವಿ. ಮಳಿ ಮುಗದೈತಿ ಅಂದಿದ್ದ ನಮ್ಮ ಪಂಡಿತ ಒಬ್ಬ. ರಾತ್ರಿ ಎರಡಕ್ಕ ಹಿಂಗಾರಿ ಜಡದ್ ಬಡೀತು! ನಾವು ಕಾರಿನ್ಯಾಗ, ಶೇಂಗಾ ಹೋಳಿಗಿ ಟೆಂಟಿನ್ಯಾಗ. ಬೆಳಿಗ್ಗೆ ನೋಡಿದ್ರ ಎಲ್ಲಾ ಇರುವಿ ಪಾಲು.

ತೊಯ್ದ ಟೆಂಟ್ ಸುತ್ತಿ ಡಿಕ್ಕಿಯೊಳಗ ಎಂಟ್ ದಿನ ಮರ್ತಬಿಟ್ಟೆ. ಈಗ ಕಪ್ಪು ಚುಕ್ಕಿ, ನಾತ. ಮೂರು ದಿನ ಮಾಳಗಿ ಮ್ಯಾಲ ಒಣಗಿಸಿದೆ, ಲಿಂಬಿಹಣ್ಣು ತಿಕ್ಕಿದೆ. ಅವ್ವ ಅದರ ಮ್ಯಾಲ ಮೆಣಸಿನಕಾಯಿ ಹರವಿದ್ಲು, ಈಗ ನಾತದ ಜೋಡಿ ಘಾಟು ಬ್ಯಾರೆ. ವಾಷಿಂಗ್ ಮಷೀನಿಗೆ ಹಾಕು ಅಂತಾನ ಒಬ್ಬ, ನೀರು ತಡಿಯೋ ಪದರ ಕಿತ್ ಹೋಗ್ತೈತಿ ಅಂತಾನ ಇನ್ನೊಬ್ಬ. ಟೆಂಟ್ ನಮ್ಮ ಭಾವಂದು, ಮುಂದಿನ ವಾರ ವಾಪಸ್ ಕೊಡಬೇಕು.

ಆ ಪದರ ಕೆಡದಂಗ ನಾತ ಹೋಗಬೇಕಂದ್ರ ಏನು ಹಾಕಿ ತೊಳೀಬೇಕ್ರೀ?