ಸಹಾಯ ಬೇಕು: ಉಪ್ಪುನೀರಿನ ಅಕ್ವೇರಿಯಂ ಹೊಸ ಮನೆಗೆ ಸಾಗಿಸಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ರಾಜಾಜಿನಗರದಿಂದ ವೈಟ್‌ಫೀಲ್ಡ್‌ಗೆ ಮನೆ ಬದಲಾಯಿಸುತ್ತಿದ್ದೇವೆ. ನಾಲ್ಕು ವರ್ಷದಿಂದ ಜೋಪಾನ ಮಾಡಿದ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಎರಡು ಕ್ಲೌನ್ ಮೀನು, ಸ್ವಲ್ಪ ಹವಳ. ಮನೆ ಸಾಮಾನಿಗಿಂತ ಇವುಗಳದ್ದೇ ಚಿಂತೆ.

ಮೀನಿನ ಕೊಳೆಯಿಂದ ಬರುವ ವಿಷ ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿಗಿಂತ ಕಲ್ಲು, ಮರಳು, ಫಿಲ್ಟರ್‌ನಲ್ಲೇ ಜಾಸ್ತಿ ಅಲ್ವಾ? ಅದಕ್ಕೇ ಕಲ್ಲುಗಳನ್ನು ಹಳೇ ನೀರಿನಲ್ಲೇ ಮುಳುಗಿಸಿ ಡ್ರಮ್ಮಿನಲ್ಲಿ ಒಯ್ಯುತ್ತೇನೆ. ಆ ಬ್ಯಾಕ್ಟೀರಿಯಾ ಉಳಿಯಲಿ ಅಂತ ಫಿಲ್ಟರ್‌ನ ಸ್ಪಂಜನ್ನು ನಲ್ಲಿ ನೀರಿಗೆ ಹಿಡಿಯುವುದಿಲ್ಲ. ಬ್ಯಾಟರಿ ಏರ್ ಪಂಪ್ ತಂದಿದ್ದೇನೆ, ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಗೊತ್ತಲ್ಲ.

ಗೊಂದಲ ಮರಳಿನದು. ಕೆದಕಿದರೆ ತಳದ ಕೊಳೆಯೆಲ್ಲ ಮೇಲೇಳುತ್ತದೆ. ಹಳೆಯದನ್ನೇ ಉಪ್ಪುನೀರಿನಲ್ಲಿ ತೊಳೆದು ಹಾಕಲೇ, ಹೊಸದು ತರಲೇ? ಸಾಗಿಸಿದ ಮೇಲೆ ಎಷ್ಟು ದಿನ ಅಮೋನಿಯಾ ಟೆಸ್ಟ್ ಮಾಡಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ. ಅವತ್ತು ಜೊತೆಗೆ ಯಾರಾದರೂ ಬಂದರೆ ಇನ್ನೂ ಒಳ್ಳೆಯದು, ಊಟ ನಮ್ಮನೆಯಲ್ಲೇ.