‘ಅಂಡರ್‌ವಾಟರ್ ಪಾಲಿಪೆಕ್ಟಮಿ’ಗೆ ಕನ್ನಡದಲ್ಲಿ ಏನನ್ನೋಣ?

ಕೊಲೊನೋಸ್ಕೊಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳುವವರಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೇಲಿನ ಪದದ ಹತ್ತಿರ ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಪಾಲಿಪ್ ಎಂದರೆ ಕರುಳಿನ ಒಳಗೋಡೆಯಲ್ಲಿ ಮೂಡುವ ಮಾಂಸದ ಬೆಳವಣಿಗೆ, ಅದನ್ನು ತೆಗೆಯುವುದು ಪಾಲಿಪೆಕ್ಟಮಿ. ಇದು ನಡೆಯುವುದು ಹೀಗೆ. ದೊಡ್ಡಕರುಳಿನಲ್ಲಿ ಪಾಲಿಪ್ ಇರುವ ಭಾಗದ ಗಾಳಿಯನ್ನು ಹೀರಿ ತೆಗೆದು ನೀರು ತುಂಬುತ್ತಾರೆ. ಗಾಳಿಯಿಂದ ಬಿಗಿದು ತೆಳುವಾಗಿದ್ದ ಗೋಡೆ ಸಡಿಲಾಗುತ್ತದೆ. ಒಳಗಿನ ಲೋಳೆಪೊರೆ ಪಾಲಿಪ್ ಸಮೇತ ನೀರಿನಲ್ಲಿ ಎದ್ದು ತೇಲುತ್ತದೆ, ಸ್ನಾಯುವಿನ ಪದರ ಹಿಂದೆಯೇ ಉಳಿಯುತ್ತದೆ. ಆಗ ತಂತಿಯ ಕುಣಿಕೆ ಹಾಕಿ ಬಿಗಿದು ಪಾಲಿಪನ್ನು ತುಂಡರಿಸುತ್ತಾರೆ. ಬುಡಕ್ಕೆ ದ್ರವ ಚುಚ್ಚಿ ಉಬ್ಬಿಸುವ ಕೆಲಸ ಬೇಕಾಗುವುದಿಲ್ಲ. 2012ರಲ್ಲಿ ವೈದ್ಯ ಬಿನ್‌ಮೋಲರ್ ಮತ್ತು ಸಂಗಡಿಗರು ಇದನ್ನು ದೊಡ್ಡ ಪಾಲಿಪ್‌ಗಳಿಗಾಗಿ ವಿವರಿಸಿದ್ದರು. ಈಗ 10 ಮಿ.ಮೀ.ಗಿಂತ ಸಣ್ಣವನ್ನೂ ಹೀಗೆ ತೆಗೆಯುವುದುಂಟು.

ಮೊದಲು ‘ಜಲಾಂತರ್ಗತ’ ಎಂದು ಬರೆದೆ. ಓದಿದವರಿಗೆಲ್ಲ ಜಲಾಂತರ್ಗಾಮಿ ನೆನಪಾಯಿತು. ‘ನೀರಡಿ’ ಎಂದರೆ ಕಿವಿಗೆ ನೀರಡಿಕೆಯೇ ಕೇಳುತ್ತದೆ. ‘ನೀರೊಳಗಿನ ಚಿಕಿತ್ಸೆ’ ಎಂದಾಗ ಕರಡು ಓದಿದ ಹಿರಿಯರೊಬ್ಬರು, “ನೀರಿನ ತೊಟ್ಟೀಲಿ ಮಲಗಿಸ್ತಾರೇನಪ್ಪಾ?” ಎಂದು ಗಾಬರಿಯಿಂದ ಕೇಳಿದರು. ತಪ್ಪು ಅವರದಲ್ಲ. ನೀರು ಎಲ್ಲಿದೆ ಎಂಬುದನ್ನೇ ಆ ಪದ ಹೇಳುವುದಿಲ್ಲ. ಹಾಗಾಗಿ ಈಗ ‘ಕರುಳಿಗೆ ನೀರು ತುಂಬಿ ಪಾಲಿಪ್ ತೆಗೆಯುವುದು’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರೂ ಹೆದರುವುದಿಲ್ಲ.

ಇನ್ನೂ ಕಷ್ಟದ್ದು ‘ಕೋಲ್ಡ್ ಸ್ನೇರ್’. ಅದನ್ನು ‘ತಣ್ಣನೆಯ ಕುಣಿಕೆ’ ಎನ್ನುವುದು ಪೂರಾ ತಪ್ಪು ಎಂದೇ ನನ್ನ ಎಣಿಕೆ. ಅಲ್ಲಿ ತಂಪು ಮಾಡಿದ್ದು ಏನೂ ಇಲ್ಲ. ಕುಣಿಕೆಗೆ ವಿದ್ಯುತ್ ಹಾಯಿಸಿ ಸುಡುವುದಿಲ್ಲ ಎಂಬುದಷ್ಟೇ ಅರ್ಥ. ‘ಸುಡದೆ ಕತ್ತರಿಸುವ ಕುಣಿಕೆ’ ಎಂದರೆ ಸಾಕಲ್ಲವೇ?

ಪಾಲಿಪ್ ಎಂಬುದನ್ನು ಹಾಗೇ ಉಳಿಸಿಕೊಂಡಿದ್ದೇನೆ. ‘ಗಡ್ಡೆ’ ಎಂದೊಡನೆ ಜನ ಕ್ಯಾನ್ಸರ್ ಎಂದುಕೊಳ್ಳುತ್ತಾರೆ. ಸಣ್ಣ ಪಾಲಿಪ್‌ಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಕೆಲವು ಬಗೆಯವು ವರ್ಷಗಳು ಕಳೆದಂತೆ ಹಾಗೆ ತಿರುಗಬಹುದು ಎಂದೇ ತೆಗೆಯುವುದು. ‘ಮೊಳೆ’ ಎಂದರೆ ಮೊಳೆರೋಗದ ಜೊತೆ ಕಲಸಿಹೋಗುತ್ತದೆ. ಮೂಗಿನಲ್ಲಿ ಬೆಳೆಯುವುದಕ್ಕೆ ‘ದುರ್ಮಾಂಸ’ ಎನ್ನುವುದುಂಟು, ಆದರೆ ಆ ‘ದುರ್’ ನನಗೆ ಒಪ್ಪಿಗೆಯಿಲ್ಲ. ಮೂಲ ಗ್ರೀಕ್ ಪದಕ್ಕೆ ‘ಹಲವು ಕಾಲಿನದು’ ಎಂದರ್ಥ. ಅದರಿಂದ ರೋಗಿಗೆ ಆಗುವ ಉಪಕಾರವೇನೂ ಇಲ್ಲ.

ಕೊನೆಗೆ ಕ್ರಿಯಾಪದ. ‘ಕೊಯ್ಯು’ ನನಗೆ ಇಷ್ಟ. ಹೂ ಕೊಯ್ಯುತ್ತೇವೆ, ಪೈರು ಕೊಯ್ಯುತ್ತೇವೆ. ಆದರೆ ಕತ್ತು ಕೊಯ್ಯುವುದೂ ಅದೇ ಪದ. ಹೂ ‘ಬಿಡಿಸುವ’ವರು ನಿಮ್ಮಲ್ಲಿದ್ದರೆ ಹೇಳಿ: “ಪಾಲಿಪ್ ಬಿಡಿಸಿದರು” ಎಂಬ ವಾಕ್ಯ ಕಿವಿಗೆ ಸಹಜವಾಗಿ ಕೇಳುತ್ತದೆಯೇ, ಇಲ್ಲ ‘ತೆಗೆದರು’ ಎಂಬಲ್ಲಿಗೇ ನಿಲ್ಲಿಸಲೇ?