ಕಾಯುವ ಸಮಯ ಇಳಿದರೂ ಸಿಒ2 ಏರುತ್ತಿದೆ: ಸುಮೋದಲ್ಲಿ ಸಿಗ್ನಲ್ ಟೈಮಿಂಗ್

ಹಸಿರುದೀಪ:
ಸುಮೋದಲ್ಲಿ (ವಾಹನ ಸಂಚಾರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ಸಾಲಾಗಿ 4 ಸಿಗ್ನಲ್ ಇರುವ ರಸ್ತೆ ಮಾಡಿದ್ದೇನೆ, ಒಂದರಿಂದ ಇನ್ನೊಂದಕ್ಕೆ 450 ಮೀಟರ್, ವೇಗ 45 ಕಿ.ಮೀ. ಸ್ಥಿರ ಸೈಕಲ್ (ಹಸಿರು-ಕೆಂಪಿನ ಒಂದು ಪೂರ್ತಿ ಸುತ್ತಿಗೆ ಗೊತ್ತಾದ ಸಮಯ) ತೆಗೆದು ನಾಲ್ಕನ್ನೂ ಆ್ಯಕ್ಚುಯೇಟೆಡ್ ಮಾಡಿದೆ, ಅಂದರೆ ಬರುವ ಗಾಡಿಗಳನ್ನು ನೋಡಿ ಹಸಿರಿನ ಅವಧಿ ಬದಲಾಗುವಂತೆ. ಕಾಯುವ ಸಮಯ ಚೆನ್ನಾಗಿಯೇ ಇಳಿಯಿತು, ಆದರೆ ಒಟ್ಟು ಸಿಒ2 ಏರಿ ಕೂತಿದೆ! ಎಮಿಷನ್ ಕ್ಲಾಸ್ (ಗಾಡಿ ಎಷ್ಟು ಹೊಗೆ ಬಿಡುತ್ತೆ ಅನ್ನೋ ವರ್ಗ) ಮುಟ್ಟಿಲ್ಲ, ಡೀಫಾಲ್ಟ್ ಯೂರೋ 4 ಪೆಟ್ರೋಲ್ ಕಾರೇ.

ನಾಲ್ಕುರಸ್ತೆ:
ಸುಮೋ ಒಂದೊಂದು ಗಾಡಿಯ ಪ್ರಯಾಣದ ವಿವರ ಬರೆಯುವ ಟ್ರಿಪ್‌ಇನ್ಫೋ ಫೈಲಿನಲ್ಲಿ ವೇಟಿಂಗ್‌ಟೈಮ್ (ಕಾಯುವ ಸಮಯ) ಜೊತೆಗೆ ವೇಟಿಂಗ್‌ಕೌಂಟ್ ಅಂತ ಇರುತ್ತೆ ನೋಡಿ, ಗಾಡಿ ಎಷ್ಟು ಸಲ ನಿಂತಿತು ಅನ್ನೋ ಲೆಕ್ಕ. ಅದು ಏರಿರಬೇಕು. ನಿಂತು ಗುರ್ ಅನ್ನೋ ಗಾಡಿ ಸೆಕೆಂಡಿಗೆ ಸುಡೋದು ಕಡಿಮೆ. ಸೊನ್ನೆಯಿಂದ ಮತ್ತೆ 45ಕ್ಕೆ ಏರುವಾಗ ಇಂಧನ ಎಳೆಯೋದು ಜಾಸ್ತಿ. ಆ್ಯಕ್ಚುಯೇಟೆಡ್ ಸಿಗ್ನಲ್ ಡೀಫಾಲ್ಟಾಗಿ ಗಾಡಿಗಳ ನಡುವೆ 3 ಸೆಕೆಂಡ್ ಬಿಡುವು ಕಂಡರೆ ಸಾಕು, ಹಸಿರು ಮುಗಿಸಿಬಿಡುತ್ತೆ. ಪಕ್ಕದ ಸಿಗ್ನಲಿನಿಂದ ಹೊರಟ ಗುಂಪು ಬರ್ತಾ ಇದೆ ಅಂತ ಅದಕ್ಕೇನು ಗೊತ್ತು?

ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೈಕಲ್ ಸೂತ್ರ ಕೂಡ ವಿಳಂಬವನ್ನಷ್ಟೇ ತಗ್ಗಿಸುತ್ತೆ, ಆಮೇಲೆ ಸಿಗ್ನಲ್ ಸಮಯ ಹೊಂದಿಸಲು ಬಂದ ಟ್ರಾನ್ಸಿಟ್ (TRANSYT) ಪ್ರೋಗ್ರಾಂ ನಿಲುಗಡೆಗಳನ್ನೂ ಲೆಕ್ಕಕ್ಕೆ ತಗೊಂಡಿತು. ನಿಮಗೆ ಬೇಕಿರೋದು ಎರಡನೆಯದು.

ನಾಲ್ಕಕ್ಕೂ ಒಂದೇ ಸೈಕಲ್ ಕೊಟ್ಟು ಆಫ್‌ಸೆಟ್ ಹಾಕಿ, ಅಂದರೆ ಒಂದು ಸಿಗ್ನಲ್ ಹಸಿರಾದ ಎಷ್ಟು ಸೆಕೆಂಡಿಗೆ ಮುಂದಿನದು ಹಸಿರಾಗಬೇಕು ಅನ್ನೋ ಅಂತರ. 45 ಕಿ.ಮೀ. ಅಂದರೆ ಸೆಕೆಂಡಿಗೆ 12.5 ಮೀಟರ್, 450 ಮೀಟರಿಗೆ 36 ಸೆಕೆಂಡ್.

ಹಸಿರುದೀಪ:
ಕೌಂಟ್ ಏರಿರೋದು ನಿಜ ಸರ್. ಆದರೆ 36 ಹಾಕಿದರೆ ಹೋಗುವ ಕಡೆಗೆ ಮಾತ್ರ ಸರಿಹೋಗುತ್ತಲ್ಲ, ಬರುವ ಕಡೆಗೆ?

ನಾಲ್ಕುರಸ್ತೆ:
ಸೈಕಲನ್ನು 72 ಮಾಡಿ. ಆಗ 36 ಅಂದರೆ ಸರಿಯಾಗಿ ಅರ್ಧ ಸೈಕಲ್, ಎರಡೂ ಕಡೆಯಿಂದ ಬಂದವರಿಗೆ ಹಸಿರು ಸಿಗುತ್ತೆ. ನಿಮ್ಮ ಸಿಗ್ನಲ್‌ಗಳು ಸಮ ದೂರದಲ್ಲಿವೆ, ಪುಣ್ಯವಂತರು. ನಿಜವಾದ ರಸ್ತೆಯಲ್ಲಿ ಇಷ್ಟು ಚೆಂದ ಕೂರೋದು ಅಪರೂಪ. ಅಡ್ಡರಸ್ತೆಯಿಂದ ತಿರುಗಿ ಬಂದ ಗಾಡಿಗಳು ಮುಂದೆ ನಿಂತಿದ್ದರೆ, ಅವು ಜಾಗ ಬಿಡಲು ಲೇನಿನ ಒಂದೊಂದು ಗಾಡಿಗೆ ಸುಮಾರು 2 ಸೆಕೆಂಡಿನಂತೆ ಹಸಿರನ್ನು ಮುಂಚೆ ತೆರೆಯಬೇಕು. ಎದುರು ದಿಕ್ಕಿನವರಿಗೆ ಅಷ್ಟು ಖೋತಾ, ಹಾಗಾಗಿ ದಟ್ಟಣೆ ಹೆಚ್ಚಿರುವ ಕಡೆಗೆ ಮಾತ್ರ ಮಾಡಿ.

ಹಸಿರುದೀಪ:
ಈಗ ಸಿಒ2 ಹಳೇ ಸ್ಥಿರ ಸೈಕಲಿಗಿಂತಲೂ ಕೆಳಗೆ ಬಂತು! ಅಡ್ಡರಸ್ತೆಯಲ್ಲಿ ಮಾತ್ರ ಸಾಲು ಉದ್ದವಾಗಿದೆ.

ಮೂರನೇಗೇರು:
ಖುಷಿಪಡೋ ಮುಂಚೆ ಒಂದು ನೋಡಿ. ಸಾಲು ನಕ್ಷೆಯ ಅಂಚಿನವರೆಗೆ ಬೆಳೆದರೆ ಮುಂದಿನ ಗಾಡಿಗಳನ್ನು ಸುಮೋ ಹೊರಗೇ ನಿಲ್ಲಿಸಿಕೊಳ್ಳುತ್ತೆ, ಅವುಗಳ ಹೊಗೆ ಲೆಕ್ಕಕ್ಕೇ ಬರಲ್ಲ. ಡಿಪಾರ್ಟ್‌ಡಿಲೇ (ಹೊರಡಬೇಕಾದ ಗಾಡಿ ಹೊರಗೆ ಕಾದ ಸಮಯ) ಏರಿದೆಯಾ? ಅಡ್ಡರಸ್ತೆಗಳನ್ನು ಉದ್ದ ಮಾಡಿ, ಎಲ್ಲ ಗಾಡಿ ಊರು ಸೇರುವವರೆಗೂ ಓಡಿಸಿ, ಆಮೇಲೆ ಹೋಲಿಸಿ.